ಕಳೆ ಇಳಿಸಿದ ಕಲ್ಲು

ನಿಮ್ಮ ಊರಿನ ಅರಳಿಕಟ್ಟೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ನಾಗರಕಲ್ಲುಗಳ ಹಿಂದೆ, ಬೇರಿನ ಸಂದಿಯಲ್ಲಿ, ಒಂದಿಷ್ಟು ಹಳೆಯ ಪಟಗಳು ಒರಗಿರುತ್ತವೆ. ಗಾಜು ಸೀಳಿದ ತಿರುಪತಿ ತಿಮ್ಮಪ್ಪ, ಗೆದ್ದಲು ಹಿಡಿದ ಮುರುಗನ್, ಬಣ್ಣ ಹಾರಿದ ಲಕ್ಷ್ಮಿ, ಸೊಂಡಿಲು ಮುಕ್ಕಾದ ಪಿಂಗಾಣಿ ಗಣಪತಿ. ಮನೆಗಳಿಗೆ ಸುಣ್ಣ ಬಣ್ಣ ಹೊಡೆಯುವ ಕಾಲದಲ್ಲಿ ಇವುಗಳ ಸಂಖ್ಯೆ ಹೆಚ್ಚುತ್ತದೆ. ತಂದಿಟ್ಟವರನ್ನು ಕಂಡವರು ಕಡಿಮೆ. ಮುಂಜಾನೆಯ ನಸುಕಿನಲ್ಲಿ ಬಂದು ಇಟ್ಟು, ತಿರುಗಿ ನೋಡದೆ ಹೋಗುತ್ತಾರೆ. ಕಸದ ತೊಟ್ಟಿಗೆ ಹಾಕಲು ಕೈ ಬಾರದು, ಮನೆಯಲ್ಲಿ ಉಳಿಸಿಕೊಳ್ಳಲು ಮನಸ್ಸು ಬಾರದು. ಹಾಗಾಗಿ ಮರದ ಪಾಲು.

ದೇವರನ್ನು ಕರೆಯುವುದು ನಮಗೆಲ್ಲ ಗೊತ್ತು. ಕಲಶ ಇಟ್ಟು, ಮಂಗಳವಾದ್ಯ ಬಾರಿಸಿ, ಊರಿಗೆಲ್ಲ ಊಟ ಹಾಕಿ ಕರೆಯುತ್ತೇವೆ. ಕಳುಹಿಸಿಕೊಡುವುದು ಹೇಗೆ? ಒಂದು ಕಾಲಕ್ಕೆ ದೇವರಾಗಿದ್ದ ಕಲ್ಲನ್ನು, ಮರವನ್ನು, ಕಟ್ಟಡವನ್ನು ಮತ್ತೆ ಬರಿಯ ಕಲ್ಲು, ಮರ, ಕಟ್ಟಡ ಮಾಡುವುದು ಸಾಧ್ಯವೇ? ಸಾಧ್ಯವಾದರೆ ಅದನ್ನು ಮಾಡುವ ಹಕ್ಕು ಯಾರದು? ಇದರ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಆಗಮ ಓದಿದವನಲ್ಲ, ಕನ್ನಡ ಶಾಲೆಯ ಮೇಷ್ಟ್ರಾಗಿ ನಿವೃತ್ತನಾದವನು. ಆದರೆ ಈ ವಿಷಯದಲ್ಲಿ ಒಂದು ತಪ್ಪು ಮಾಡಿದ್ದೇನೆ. ತಪ್ಪು ಮಾಡಿದವನಿಗೂ ಮಾತನಾಡಲು ಸ್ವಲ್ಪ ಅರ್ಹತೆ ಬರುತ್ತದೆ ಎಂದುಕೊಂಡಿದ್ದೇನೆ.

ಮೊದಲು ಚಿಕ್ಕ ಸಂಗತಿಯಿಂದ ಶುರು ಮಾಡೋಣ. ಯಾವುದೇ ಪೂಜೆಗೆ ಮುಂಚೆ ಕನ್ನಡದ ಮನೆಗಳಲ್ಲಿ ಸಗಣಿಯ ಬೆನಕನನ್ನು ಮಾಡಿ ಗರಿಕೆ ಸಿಕ್ಕಿಸುತ್ತಾರೆ. ಪಕ್ಕದ ತಮಿಳು ಮನೆಯಲ್ಲಿ ಅದೇ ಜಾಗದಲ್ಲಿ ಮಂಜಳ್ ಪಿಳ್ಳೈಯಾರ್, ಅಂದರೆ ಅರಿಶಿನದ ಗಣಪ. ಪುರೋಹಿತರು ಅವನನ್ನು ಆವಾಹನೆ ಮಾಡಿ, ಅಕ್ಷತೆ ಹಾಕಿ, ಬೆಲ್ಲ ನೈವೇದ್ಯ ಮಾಡುತ್ತಾರೆ. ಆ ಅರ್ಧ ಗಂಟೆ ಆ ಅರಿಶಿನದ ಉಂಡೆ ದೇವರು. ಆಮೇಲೆ ಒಂದು ಮಂತ್ರ ಹೇಳಿ, ಅದನ್ನು ಉತ್ತರದ ಕಡೆಗೆ ಒಂದಿಷ್ಟು ಸರಿಸುತ್ತಾರೆ. ಅಷ್ಟೇ. ಬಂದವನು ತನ್ನ ಸ್ವಸ್ಥಾನಕ್ಕೆ ಹೋದ. ಉಳಿದದ್ದು ಅರಿಶಿನ. ಅದನ್ನು ನೀರಿನಲ್ಲಿ ಕದಡಿ ಗಿಡದ ಬುಡಕ್ಕೆ ಹಾಕುತ್ತಾರೆ, ಹೆಂಗಸರು ಕೆನ್ನೆಗೆ ಹಚ್ಚಿಕೊಳ್ಳುವುದೂ ಉಂಟು. ಯಾರಿಗೂ ಅಳುಕಿಲ್ಲ. ಈ ಸರಿಸುವುದಕ್ಕೆ ಉದ್ವಾಸನೆ ಎಂದು ಹೆಸರು. ಇಷ್ಟು ದೊಡ್ಡ ಕೆಲಸ ಇಷ್ಟು ಸದ್ದಿಲ್ಲದೆ ನಡೆಯುವುದರಿಂದ ನಾವು ಅದನ್ನು ಗಮನಿಸುವುದೇ ಇಲ್ಲ.

ಗೌರಿ ಗಣೇಶನ ವಿಷಯವೂ ಹೀಗೆಯೇ. ಕೆರೆಯ ಮಣ್ಣು ದೇವರಾಗಿ, ಮನೆಯಲ್ಲಿ ಕಡುಬು ತಿಂದು, ಮತ್ತೆ ಕೆರೆಯ ಮಣ್ಣಾಗುತ್ತಿತ್ತು. ಪ್ಲಾಸ್ಟರ್ ಆಫ್ ಪ್ಯಾರಿಸ್ ಬಂದ ಮೇಲೆ ಈ ಲೆಕ್ಕ ಕೆಟ್ಟಿತು. ಆ ಗಣಪ ಕರಗುವುದಿಲ್ಲ. ಎತ್ತಿ ಮುಳುಗಿಸಿದವರು ಮನೆಗೆ ಹೋಗುತ್ತಾರೆ. ವಾರದ ಮೇಲೆ ನೋಡಿದರೆ ಕೈ ಮುರಿದು, ಕಿರೀಟ ನೆಂದು, ದಡದಲ್ಲಿ ಮೇಲ್ಮುಖವಾಗಿ ಬಿದ್ದಿರುತ್ತಾನೆ. ದೇವರೂ ಅಲ್ಲ, ಮಣ್ಣೂ ಅಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ಮಾರ್ಗಸೂಚಿ ತಂದಿತು, 2020ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿತು. ಅವರು ನೀರಿನ ಕೊಳೆಯ ಲೆಕ್ಕ ಹೇಳುತ್ತಾರೆ, ಅದು ಸರಿ. ನನಗೆ ಅದರ ಜೊತೆಗೆ ಇನ್ನೊಂದು ಕಾಣುತ್ತದೆ: ಕಳುಹಿಸಿಕೊಡಲು ಆಗದ ದೇವರನ್ನು ನಾವು ಮಾಡಿಕೊಂಡೆವು.

ಇನ್ನು ದೊಡ್ಡ ದೇವಸ್ಥಾನಗಳಿಗೆ ಬರೋಣ. ತಮಿಳುನಾಡಿನಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಕುಂಭಾಭಿಷೇಕ ಮಾಡುವ ವಾಡಿಕೆ ಇರುವುದರಿಂದ ನಮ್ಮ ಕಡೆಯವರಿಗೆ ಬಾಲಾಲಯ ಎಂಬ ಮಾತು ಕಿವಿಗೆ ಹೊಸದಲ್ಲ. ಗರ್ಭಗುಡಿಯ ಕೆಲಸ ಆಗಬೇಕು, ಪೀಠದ ಅಷ್ಟಬಂಧ ಸಡಿಲಾಗಿದೆ, ಗೋಪುರದಲ್ಲಿ ಗಿಡ ಬೆಳೆದಿದೆ. ದೇವರು ಒಳಗಿರುವಾಗ ಸ್ಥಪತಿ ಉಳಿ ಹಿಡಿದು ಹೇಗೆ ಒಳಹೋಗಬೇಕು? ಅದಕ್ಕೆ ಕಲಾಕರ್ಷಣೆ ಮಾಡುತ್ತಾರೆ. ಮೂರ್ತಿಯಲ್ಲಿರುವ ಕಲೆಯನ್ನು, ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಕಳೆಯನ್ನು, ದರ್ಭೆಯ ಮೂಲಕ ಕುಂಭದ ನೀರಿಗೆ ಎಳೆದುಕೊಳ್ಳುತ್ತಾರೆ. ಆ ಕುಂಭವನ್ನು ಪಕ್ಕದಲ್ಲೊಂದು ಚಿಕ್ಕ ಗುಡಿಗೆ ಒಯ್ದು, ಅಲ್ಲಿನ ಮರದ ಹಲಗೆಗೋ ಚಿಕ್ಕ ಬಿಂಬಕ್ಕೋ ಆ ಕಳೆಯನ್ನು ತುಂಬುತ್ತಾರೆ. ಅದೇ ಬಾಲಾಲಯ. ಅಲ್ಲಿಂದ ಮುಂದೆ ಪೂಜೆ ಅಲ್ಲಿ. ಒಳಗಿನ ಮೂರ್ತಿ ಅಷ್ಟು ದಿನ ಕಲ್ಲು. ಕೆಲಸದವರು ಏಣಿ ಹಾಕಬಹುದು, ಪೀಠದ ಮೇಲೆ ಕಾಲಿಡಬಹುದು. ಕೆಲಸ ಮುಗಿದ ಮೇಲೆ ಅದೇ ಕುಂಭದ ನೀರು ಗೋಪುರದ ಮೇಲೂ ಮೂರ್ತಿಯ ತಲೆಯ ಮೇಲೂ ಬೀಳುತ್ತದೆ, ಕಲ್ಲು ಮತ್ತೆ ದೇವರು.

ಮೂರ್ತಿಯೇ ಮುಕ್ಕಾಗಿದ್ದರೆ? ಆಗಲೂ ದಾರಿ ಇದೆ. ಜೀರ್ಣೋದ್ಧಾರದ ವಿಧಿಯಲ್ಲಿ ಮರದ ಮೂರ್ತಿಯನ್ನು ಬೆಂಕಿಗೂ ಕಲ್ಲಿನ ಮೂರ್ತಿಯನ್ನು ಆಳವಾದ ನೀರಿಗೂ ಒಪ್ಪಿಸಬೇಕೆಂದು ಹೇಳಿದ್ದಾರೆ. ಮೊದಲು ಕಳೆ ಇಳಿಸಬೇಕು, ಆಮೇಲೆ ಕಲ್ಲನ್ನು ಎತ್ತಬೇಕು. ಪುರಿಯ ಜಗನ್ನಾಥನಂಥ ದೊಡ್ಡ ದೇವರಿಗೂ ಇದು ತಪ್ಪಿಲ್ಲ. ಅಲ್ಲಿ ಮರದ ಮೂರ್ತಿಗಳನ್ನು ಬದಲಾಯಿಸುವ ನವಕಳೇವರ 1996ರಲ್ಲಿ ನಡೆಯಿತು, ಮತ್ತೆ 2015ರಲ್ಲಿ ನಡೆಯಿತು. ಒಳಗಿನ ಬ್ರಹ್ಮಪದಾರ್ಥವನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಸೇವಕರು ಹಳೆಯದರಿಂದ ಹೊಸದಕ್ಕೆ ಸಾಗಿಸುತ್ತಾರೆ. ಹಳೆಯ ಮೂರ್ತಿಗಳನ್ನು ದೇವಸ್ಥಾನದ ಆವರಣದಲ್ಲೇ ಹೂಳುತ್ತಾರೆ. ಆ ಸೇವಕರು ಮನೆಯಲ್ಲಿ ಹಿರಿಯರು ಸತ್ತಂತೆ ಸೂತಕ ಆಚರಿಸುತ್ತಾರೆ. ಸಾವನ್ನು ಸಾವೆಂದು ಒಪ್ಪಿಕೊಳ್ಳುವ ಧೈರ್ಯ ಅದು.

ಶಾಸ್ತ್ರ ಇಷ್ಟು ಸ್ಪಷ್ಟವಾಗಿದ್ದರೆ ನಾನು ತಪ್ಪು ಮಾಡಿದ್ದು ಎಲ್ಲಿ ಎಂದು ಕೇಳುತ್ತೀರಿ. ಹೇಳುತ್ತೇನೆ.

ನಮ್ಮೂರು ಹೊಸೂರಿನಿಂದ ಡೆಂಕಣಿಕೋಟೆ ಕಡೆಗೆ ಬರುವಾಗ ಒಳಗೆ ಸಿಗುವ ಊರು. ರಸ್ತೆಯ ಅಂಚಿನಲ್ಲಿ ಬೇವಿನ ಮರದ ಕೆಳಗೆ ಮಾರಮ್ಮನ ಕಲ್ಲಿತ್ತು. ಮೂರ್ತಿ ಎನ್ನಲು ಅದಕ್ಕೆ ಕಣ್ಣು ಮೂಗು ಇರಲಿಲ್ಲ. ಮೊಣಕಾಲೆತ್ತರದ ಉದ್ದನೆಯ ಕರಿಕಲ್ಲು, ತಲೆಮಾರುಗಳ ಎಣ್ಣೆ ಅರಿಶಿನ ಕುಡಿದು ನುಣುಪಾಗಿತ್ತು. ಮೂರು ಕಡೆ ಗೋಡೆ, ಮೇಲೆ ಹಂಚು. ಪೂಜೆ ನಮ್ಮ ಮನೆತನದ್ದು. ಹಿರಿಯ ಕವಲಾದ ನನ್ನ ದೊಡ್ಡಪ್ಪನ ಮನೆಯಿಂದ ಮೊದಲ ತಂಬಿಟ್ಟಿನ ಆರತಿ ಬರಬೇಕು. ತಮಿಳಿನವರು ಅದನ್ನೇ ಮಾವಿಳಕ್ಕು ಎನ್ನುತ್ತಾರೆ, ಅವರ ಮನೆಗಳವು ಅದರ ಹಿಂದೆ. ಊರಲ್ಲಿ ಮೂರು ಭಾಷೆ, ಜಾತಿಗಳು ಹತ್ತಾರು. ಆದರೆ ಆ ಒಂದು ದಿನ ಎಲ್ಲ ತಟ್ಟೆಗಳೂ ನನ್ನ ದೊಡ್ಡಮ್ಮನ ತಟ್ಟೆಗಾಗಿ ಕಾಯುತ್ತಿದ್ದವು. ದೊಡ್ಡಪ್ಪ ತೀರಿಕೊಂಡ ಮೇಲೂ ಅದು ನಿಂತಿರಲಿಲ್ಲ.

2009ರಲ್ಲಿ ರಸ್ತೆ ಅಗಲ ಮಾಡಲು ಅಳತೆಯವರು ಬಂದರು. ಬೇವಿನ ಮರಕ್ಕೆ ಸುಣ್ಣದ ಗುರುತು ಬಿತ್ತು. ಊರವರು ಸೇರಿ ಸಮಿತಿ ಮಾಡಿದೆವು. ಅಕ್ಷರ ಬಲ್ಲವನೆಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಹಿಂದಿನ ಹೊಲದಲ್ಲಿ ಜಾಗ ಸಿಕ್ಕಿತು, ಹೊರಗೆ ಕೆಲಸಕ್ಕೆ ಹೋದ ಹುಡುಗರು ಹಣ ಕಳುಹಿಸಿದರು. ಹಣ ಬಂದ ಮೇಲೆ ಆಸೆಯೂ ಬಂತು. ಚಿಕ್ಕ ಗುಡಿ ಯಾಕೆ, ಗೋಪುರವೇ ಇರಲಿ. ಗೋಪುರ ಇದ್ದ ಮೇಲೆ ಒಳಗೆ ಮೊಂಡು ಕಲ್ಲು ಯಾಕೆ, ನಾಲ್ಕು ಕೈಯ ಮೂರ್ತಿ ಇರಲಿ. ಮೂರ್ತಿ ಬಂದ ಮೇಲೆ ಗುರುಕ್ಕಳ್ ಬೇಕು. ಗುರುಕ್ಕಳ್ ಬಂದ ಮೇಲೆ ಕೋಳಿ ಕುರಿ ಕೂಡದು. ಒಂದೊಂದೂ ನ್ಯಾಯವಾಗಿಯೇ ಕಂಡಿತು. ಪ್ರಾಣಿಬಲಿಯ ಬಗ್ಗೆ ಆಗ ಊರಲ್ಲಿ ಗೊಂದಲವೂ ಇತ್ತು. 1950ರ ಹಳೆಯ ಕಾಯಿದೆಯನ್ನು ಜಾರಿ ಮಾಡಬೇಕೆಂದು 2003ರಲ್ಲಿ ಸರ್ಕಾರ ಆಜ್ಞೆ ಹೊರಡಿಸಿ, 2004ರಲ್ಲಿ ಆ ಕಾಯಿದೆಯನ್ನೇ ತೆಗೆದುಹಾಕಿದ್ದು ಎಲ್ಲರಿಗೂ ನೆನಪಿತ್ತು. ಬೇಡದ ತಕರಾರು ಯಾಕೆ ಎಂದೆವು.

ಹಳೆಯ ಕಲ್ಲನ್ನು ಏನು ಮಾಡುವುದು ಎಂಬ ಮಾತು ಸಭೆಯಲ್ಲಿ ಐದು ನಿಮಿಷ ಕೂಡ ನಡೆಯಲಿಲ್ಲ. ಗುರುಕ್ಕಳ್ ತಿಳಿದವರು, ಸಜ್ಜನರು. ಕ್ರಮವಾಗಿ ಕಲಾಕರ್ಷಣೆ ಮಾಡಿದರು, ಕುಂಭಕ್ಕೆ ಕಳೆ ತೆಗೆದುಕೊಂಡರು. ಮಾರನೆಯ ದಿನ ಕಲ್ಲನ್ನು ಕಿತ್ತು, ಟ್ರಾಕ್ಟರಿನಲ್ಲಿ ಹೇರಿ, ಕೆರೆಯ ನಡುವಿನ ಗುಂಡಿಗೆ ಇಳಿಸಿದೆವು. ಸಮಿತಿಯ ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಇದೆ: ಹಳೆಯ ಕಲ್ಲು ವಿಸರ್ಜನೆ, ಟ್ರಾಕ್ಟರ್ ಬಾಡಿಗೆ 350 ರೂಪಾಯಿ.

ಆ ಸಂಜೆ ದೊಡ್ಡಮ್ಮ ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ, ಜಗುಲಿಯ ಮೇಲೆ ಕೂತರು.

"ಎತ್ಕೊಂಡೋದ್ರಂತೆ?"

"ಶಾಸ್ತ್ರ ಎಲ್ಲಾ ಮಾಡ್ಸಿಯೇ ಎತ್ತಿದ್ದು ದೊಡ್ಡಮ್ಮ. ಕಳೆ ಎಲ್ಲಾ ಕುಂಭಕ್ಕೆ ತಗೊಂಡಿದ್ದಾರೆ."

"ಹೂವು ಕೇಳಿದ್ರಾ?"

ನಾನು ಸುಮ್ಮನಾದೆ.

"ಅವಳಿಗೆ ಆ ಅಯ್ಯನೋರ ಮಾತು ಎಲ್ಲಿ ತಿಳಿಯುತ್ತೆ? ನಾನು ಐವತ್ತು ವರ್ಷದಿಂದ ಮಾತಾಡ್ಸ್ತಿದ್ದೀನಿ. ಒಂದು ಮಾತು ನನ್ನ ಕೇಳ್ಬೇಡ್ವೇನೋ ಮಗಾ? ಅವಳನ್ನಾದ್ರೂ ಕೇಳ್ಬೇಡ್ವಾ, ಹೋಗ್ತೀಯಾ ಅಂತ?"

ಹೂವು ಕೇಳುವುದು ನಿಮಗೆಲ್ಲ ಗೊತ್ತು. ಒದ್ದೆ ಮಾಡಿದ ಹೂವನ್ನು ದೇವರ ಎಡಕ್ಕೂ ಬಲಕ್ಕೂ ಅಂಟಿಸಿ ಕಾಯುವುದು. ಬಲಕ್ಕೆ ಬಿದ್ದರೆ ಒಪ್ಪಿಗೆ. ನಾನು ಕಲಿತವನು, ಅದನ್ನು ಮೂಢನಂಬಿಕೆಯ ಪಟ್ಟಿಯಲ್ಲಿ ಸೇರಿಸಿದ್ದೆ. ಆದರೆ ಅವರು ಕೇಳಿದ್ದು ಹೂವಿನ ವಿಷಯ ಮಾತ್ರವಾಗಿರಲಿಲ್ಲ. ಹೂವು ಕೇಳಬೇಕೆಂದರೆ ಅವರನ್ನು ಕರೆಯಬೇಕಿತ್ತು. ಕರೆದಿದ್ದರೆ ಕಾಯಬೇಕಿತ್ತು. ಎಡಕ್ಕೆ ಬಿದ್ದಿದ್ದರೆ ಇನ್ನೊಮ್ಮೆ ಸೇರಿ ಮಾತನಾಡಬೇಕಿತ್ತು. ನಾವು ಬಿಟ್ಟದ್ದು ಆ ಇಡೀ ಸರಪಳಿಯನ್ನು. ಆ ವರ್ಷದ ಹಬ್ಬದಲ್ಲಿ ಗುರುಕ್ಕಳರೇ ಮೊದಲ ಆರತಿ ಎತ್ತಿದರು. ದೊಡ್ಡಮ್ಮನ ತಟ್ಟೆ ಬರಲಿಲ್ಲ. ಅದರ ಹಿಂದೆ ಕಾಯುತ್ತಿದ್ದ ತಟ್ಟೆಗಳೂ ಒಂದು ಸಾಲಾಗಿ ಬರಲಿಲ್ಲ. ಯಾರಿಗೆ ಯಾವಾಗ ಆಯಿತೋ ಆಗ ಬಂದರು. ಕಳೆ ಇಳಿದದ್ದು ಕಲ್ಲಿನದಷ್ಟೇ ಅಲ್ಲ ಎಂದು ನನಗೆ ಅಂದು ತಿಳಿಯಲಿಲ್ಲ, ಗುಡಿ ಚೆನ್ನಾಗಿ ಆಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು.

ಆಮೇಲೆ ನಾನು ಈ ವಿಷಯವನ್ನು ಸ್ವಲ್ಪ ಹುಡುಕಿ ಓದಿದೆ. ದೇವರನ್ನು ಕಳುಹಿಸದೆಯೇ ಕಲ್ಲನ್ನು ಕಳುಹಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ದೊಡ್ಡ ಸಾಕ್ಷಿ ಲಂಡನ್ನಿನ ನ್ಯಾಯಾಲಯದಲ್ಲಿ ಸಿಕ್ಕಿತು. ಹಳೆಯ ತಂಜಾವೂರು ಜಿಲ್ಲೆಯ ಪತ್ತೂರಿನಲ್ಲಿ 1976ರಲ್ಲಿ ಕೂಲಿಯವನೊಬ್ಬ ನೆಲ ಅಗೆಯುವಾಗ ಕಂಚಿನ ನಟರಾಜ ಸಿಕ್ಕಿತು. ಅದು ಕೈಯಿಂದ ಕೈಗೆ ಮಾರಾಟವಾಗಿ ಲಂಡನ್ನಿಗೆ ಹೋಯಿತು, ಕೆನಡಾದ ಒಂದು ಕಂಪನಿ ಕೊಂಡಿತು, ಅಲ್ಲಿನ ಪೊಲೀಸರು ಹಿಡಿದರು. ಹಿಂದಿರುಗಿಸಿ ಎಂದು ಕೇಳಿದವರು ಯಾರು? ಭಾರತ ಸರ್ಕಾರ, ತಮಿಳುನಾಡು ಸರ್ಕಾರ, ಜೊತೆಗೆ ಆ ಪಾಳುಗುಡಿ, ಅಲ್ಲಿ ಸಿಕ್ಕ ಶಿವಲಿಂಗ. ನೂರಾರು ವರ್ಷ ಪೂಜೆ ಇಲ್ಲದೆ ಪಾಳು ಬಿದ್ದಿದ್ದರೂ ಆ ಗುಡಿ ಹಕ್ಕು ಕಳೆದುಕೊಂಡಿಲ್ಲ ಎಂದು 1988ರಲ್ಲಿ ತೀರ್ಪಾಯಿತು. 1991ರಲ್ಲಿ ಮೇಲಿನ ನ್ಯಾಯಾಲಯವೂ ಒಪ್ಪಿತು, ನಟರಾಜ ಅದೇ ವರ್ಷ ತಮಿಳುನಾಡಿಗೆ ಹಿಂದಿರುಗಿದ. ಕಳ್ಳನೂ ವ್ಯಾಪಾರಿಯೂ ಅದನ್ನು ಬರಿಯ ಲೋಹ ಮಾಡಲಾರದೆ ಹೋದರು. ಮಣ್ಣಿನಲ್ಲಿ ಹುಗಿದಿಟ್ಟವರು ಬಹುಶಃ ಕಾಪಾಡಲೆಂದು ಹುಗಿದಿಟ್ಟರು, ಬೀಳ್ಕೊಟ್ಟಿರಲಿಲ್ಲ.

ನೀರಿನಲ್ಲಿರುವ ದೇವರ ಮಾತು ಬಂದರೆ ಕಾಂಚೀಪುರದ ಅತ್ತಿ ವರದರನ್ನು ಬಿಡುವಂತಿಲ್ಲ. 2019ರಲ್ಲಿ ನಮ್ಮ ಕಡೆಯಿಂದಲೂ ಬಸ್ಸು ಬಸ್ಸಾಗಿ ಜನ ಹೋದರಲ್ಲ. ಅತ್ತಿಮರದ ಆ ಮೂರ್ತಿ ಅನಂತಸರಸ್ಸಿನ ನೀರಿನಡಿ ಇರುತ್ತದೆ; ನಲವತ್ತು ವರ್ಷಕ್ಕೊಮ್ಮೆ ಹೊರಗೆ ಬರುತ್ತದೆ. 1979ರಲ್ಲಿ ಬಂದಿತ್ತು, 2019ರಲ್ಲಿ ಜುಲೈ 1ರಿಂದ 48 ದಿನ ಮೊದಲು ಮಲಗಿ, ಆಮೇಲೆ ನಿಂತು ದರ್ಶನ ಕೊಟ್ಟು ಮತ್ತೆ ನೀರಿಗೆ ಹೋಯಿತು. ನಮ್ಮ ಕಲ್ಲೂ ನೀರಿನಲ್ಲಿ, ಆ ದೇವರೂ ನೀರಿನಲ್ಲಿ. ಒಂದನ್ನು ಬಿಸಾಡಿದ್ದು, ಇನ್ನೊಂದನ್ನು ಇಟ್ಟದ್ದು. ಮೇಲೆ ನಿಂತು ನೋಡುವವನಿಗೆ ಎರಡೂ ಒಂದೇ ನೀರು.

ಮೈಸೂರು ಕಡೆಯ ನೆಂಟಸ್ತಿಕೆ ಇರುವವರು ಕನ್ನಂಬಾಡಿಯ ಕಥೆ ಕೇಳಿರುತ್ತೀರಿ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ನೀರಿನಲ್ಲಿ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ಮುಳುಗಿತು. ದೇವರನ್ನು ಹೊಸ ಕನ್ನಂಬಾಡಿಗೆ ಒಯ್ದಿದ್ದರು. ಮುಳುಗಿದ್ದು ಖಾಲಿ ಮನೆ. ಆದರೂ ಬರಗಾಲದಲ್ಲಿ ನೀರು ತಗ್ಗಿ ಗುಡಿ ಕಂಡಾಗಲೆಲ್ಲ ಜನ ನೋಡಲು ಹೋಗುತ್ತಿದ್ದರು. 2000ದ ನಂತರ ಖಾಸಗಿ ಪ್ರತಿಷ್ಠಾನವೊಂದು ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ದಡದಲ್ಲಿ ಮತ್ತೆ ಕಟ್ಟಿತು. ಸೋಮನಾಥಪುರದಲ್ಲಿ ಇದಕ್ಕೆ ತಿರುಗುಮುರುಗು. ಹದಿಮೂರನೆಯ ಶತಮಾನದ ಆ ಗುಡಿ ಗೋಡೆ ಸಮೇತ ನಿಂತಿದೆ, ಆದರೆ ನಡುವಿನ ಗರ್ಭಗುಡಿಯ ಕೇಶವನ ಮೂಲ ಮೂರ್ತಿ ಇಲ್ಲ, ಪೂಜೆಯೂ ಇಲ್ಲ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಅದೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೇಲೂರಿನಲ್ಲಿ ಜನ ತೀರ್ಥ ತೆಗೆದುಕೊಳ್ಳುತ್ತಾರೆ, ಸೋಮನಾಥಪುರದಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಆದರೂ ಚಪ್ಪಲಿ ಬಿಟ್ಟೇ ಒಳಹೋಗುವುದು.

ಮಸೀದಿ, ಮಂದಿರಗಳ ಸ್ವರೂಪ 1947ರ ಆಗಸ್ಟ್ 15ರಂದು ಹೇಗಿತ್ತೋ ಹಾಗೆಯೇ ಇರಬೇಕೆಂಬ 1991ರ ಕಾಯಿದೆಯ ಮಾತನ್ನೂ ಇಲ್ಲಿ ಎತ್ತಬಹುದಿತ್ತು. ಅದು ದೊಡ್ಡವರ ವ್ಯಾಜ್ಯ. ನಾನು ನಮ್ಮ ಊರಿನ ಗಾತ್ರದ ಕಲ್ಲಿಗೆ ಮಾತನ್ನು ಕಟ್ಟಿಕೊಳ್ಳುತ್ತೇನೆ.

ಕಲ್ಲು ದೇವರಾಗುವುದೂ ಬಿಡುವುದೂ ನಮ್ಮ ಜಿಲ್ಲೆಯಷ್ಟು ಚೆನ್ನಾಗಿ ಕಾಣುವ ಜಾಗ ಕಡಿಮೆ. ನಾವು ವೀರಗಲ್ಲು ಎನ್ನುತ್ತೇವೆ, ತಮಿಳಿನಲ್ಲಿ ನಡುಕಲ್. ದನ ಹೊಡೆದುಕೊಂಡು ಹೋಗಲು ಬಂದವರ ಮೇಲೆ ಬಿದ್ದು ಸತ್ತವನಿಗಾಗಿ ನಿಲ್ಲಿಸಿದ್ದು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಅದು ಹುಟ್ಟಿದಾಗ ದೇವರಲ್ಲ, ಸತ್ತವನ ನೆನಪು. ಧರ್ಮಪುರಿ, ಕೃಷ್ಣಗಿರಿ, ತಿರುವಣ್ಣಾಮಲೈ ಕಡೆ ಎಷ್ಟೋ ಊರುಗಳಲ್ಲಿ ಅದೇ ಕಲ್ಲು ವೇಡಿಯಪ್ಪನ್ ಎಂಬ ದೇವರಾಗಿ ಪೊಂಗಲ್ ಉಣ್ಣುತ್ತಿದೆ. ಇನ್ನೆಷ್ಟೋ ಕಡೆ ಅದೇ ಬಗೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ, ಚರಂಡಿಗೆ ಅಡ್ಡ ಹಾಸಿದ್ದಾರೆ. ಇನ್ನು ಕೆಲವು ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಚೀಟಿ ಅಂಟಿಸಿಕೊಂಡು ನಿಂತಿವೆ. ನಾನು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಒಬ್ಬ ಹುಡುಗಿ ಕಲ್ಲಿನ ಮುಂದೆ ನಿಂತು ಕೈ ಮುಗಿದಳು. ಪಕ್ಕದ ಹುಡುಗ ನಕ್ಕ. ನಗಬೇಡ ಎಂದೆ. ಕೈ ಮುಗಿಯಬೇಕೆಂದೂ ಹೇಳಲಿಲ್ಲ. ಅಂದು ನನ್ನ ಬಳಿ ಉತ್ತರ ಇರಲಿಲ್ಲ.

ಸರ್ಕಾರದ ಕಣ್ಣಿಗೆ ನೆಲದಡಿ ಸಿಕ್ಕ ಮೂರ್ತಿಯೂ ಒಂದು ನಿಧಿ. 1878ರ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗೆ ಮೀರಿದ್ದು ಏನು ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹಾಗೆ ಸಿಕ್ಕ ಮೂರ್ತಿಗಳನ್ನು ತಹಸೀಲ್ದಾರರ ಕಚೇರಿಗೆ ಒಯ್ಯುವಾಗ ಊರವರು ಜೀಪಿಗೆ ಅಡ್ಡ ನಿಂತು ಒಂದು ಆರತಿ ಎತ್ತಿ ಕಳುಹಿಸಿದ್ದನ್ನು ನಾನು ಕಂಡಿದ್ದೇನೆ. ಅಧಿಕಾರಿಯೂ ಎರಡು ನಿಮಿಷ ಕಾದರು. ಆ ಎರಡು ನಿಮಿಷದ ಬೆಲೆ ನನಗೆ ಆಮೇಲೆ ತಿಳಿಯಿತು.

ಬೇರೆಯವರಲ್ಲಿ ಹೇಗೆ ಎಂದು ನೆರೆಹೊರೆಯಲ್ಲಿ ಕೇಳಿದೆ. ಮತ್ತಿಗಿರಿಯ ಕ್ರೈಸ್ತ ಸ್ನೇಹಿತರು, ಗರಿಗಳ ಭಾನುವಾರ ಮಂತ್ರಿಸಿದ ಗರಿಗಳನ್ನು ಬಿಸಾಡುವುದಿಲ್ಲ, ಸುಟ್ಟು ಮರುವರ್ಷ ಬೂದಿ ಬುಧವಾರ ಹಣೆಗೆ ಹಚ್ಚುತ್ತಾರೆ ಎಂದರು. ಕಥೋಲಿಕರಲ್ಲಿ ಚರ್ಚಿನ ಕಟ್ಟಡ ಪೂಜೆಗೆ ಬಳಸಲಾಗದಂತಾದರೆ ಅದನ್ನು ಲೌಕಿಕ ಕೆಲಸಕ್ಕೆ ಬಿಡುವ ಅಧಿಕಾರ ಬಿಷಪ್ಪರದು. ಆದರೆ ಹೊಲಸು ಕೆಲಸಕ್ಕೆ ಬಳಸಬಾರದು. ನೆದರ್‌ಲ್ಯಾಂಡ್ಸಿನ ಮಾಸ್ಟ್ರಿಕ್ಟ್ ಊರಿನಲ್ಲಿ ಅಂಥ ಒಂದು ಹಳೆಯ ಚರ್ಚು ಈಗ ಪುಸ್ತಕದಂಗಡಿ. ಕೃಷ್ಣಗಿರಿಯ ಮುಸ್ಲಿಂ ಸಹೋದ್ಯೋಗಿಯೊಬ್ಬರು, ಹರಿದ ಕುರಾನಿನ ಹಾಳೆಗಳನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ ಕಾಲು ತುಳಿಯದ ಜಾಗದಲ್ಲಿ ಹೂಳುತ್ತೇವೆ ಎಂದರು. ಲಿಂಗಾಯತರ ಮನೆಗಳಲ್ಲಿ ಇಷ್ಟಲಿಂಗದ ಪ್ರಶ್ನೆಯೇ ಏಳುವುದಿಲ್ಲ, ಅದು ಒಡೆಯನ ಕೈಯಲ್ಲೇ ಸಮಾಧಿಗೆ ಹೋಗುತ್ತದೆ. ಎಲ್ಲರಿಗೂ ಒಂದು ಬಾಗಿಲಿದೆ. ಅರಳಿಕಟ್ಟೆಗೆ ಪಟ ಎಸೆದು ಓಡುವವರು ನಾವು ಮಾತ್ರವೋ ಏನೋ.

ಈಗ ಕೆರೆಗೆ ಹಿಂದಿರುಗುತ್ತೇನೆ. 2016ರ ಹಿಂಗಾರು ಮಳೆ ಕೈ ಕೊಟ್ಟಿತು. 2017ರ ಜನವರಿಯಲ್ಲಿ ತಮಿಳುನಾಡಿನ ಎಲ್ಲ ಜಿಲ್ಲೆಗಳನ್ನೂ ಬರಪೀಡಿತ ಎಂದು ಸಾರಿದರು. ನಮ್ಮ ಕೆರೆ ಶಿವರಾತ್ರಿಯ ಹೊತ್ತಿಗೆ ಬಿರುಕು ಬಿಟ್ಟಿತು. ಒಂದು ದಿನ ಕುರಿ ಕಾಯುವ ಹುಡುಗ ಬಂದು, ಗುಂಡಿಯಲ್ಲಿ ಕಲ್ಲು ಕಾಣುತ್ತಿದೆ, ಯಾರೋ ಕುಂಕುಮ ಇಟ್ಟಿದ್ದಾರೆ ಎಂದ. ಯಾರೆಂದು ನನಗೆ ಗೊತ್ತಾಯಿತು. ಎಪ್ಪತ್ತೆಂಟು ವರ್ಷದ ಹೆಂಗಸು ಆ ಬಿಸಿಲಿನಲ್ಲಿ ಒಂದು ಮೈಲಿ ನಡೆದಿದ್ದರು.

ಸಮಿತಿಯವರು ಗಾಬರಿಯಾದರು. ಹಳೆಯದು ಎದ್ದು ಬಂದರೆ ಹೊಸದರ ಗತಿ ಏನು? ಕಲ್ಲನ್ನು ಒಡೆಸಿಬಿಡೋಣ ಎಂದವರೂ ಇದ್ದರು. ನಾನು ಈ ಸಲ ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ದೊಡ್ಡಮ್ಮನ ಮನೆಗೆ ಹೋಗಿ, "ಏನು ಮಾಡೋಣ ಹೇಳಿ" ಎಂದೆ. ಎಂಟು ವರ್ಷ ತಡವಾಗಿ ಕೇಳಿದ ಮಾತು.

ಮಂಗಳವಾರ ಬೆಳಿಗ್ಗೆ ಹೋದೆವು. ದೊಡ್ಡಮ್ಮ, ಅವರ ಸೊಸೆ, ನಾನು, ತಮಿಳು ಬೀದಿಯ ಇಬ್ಬರು ಹೆಂಗಸರು. ಬಿಂದಿಗೆಯ ನೀರಿನಲ್ಲಿ ಕೆಸರು ತೊಳೆದರು. ಅರಿಶಿನ ಹಚ್ಚಿದರು, ಹಾಲೆರೆದರು, ಎರಡು ಕಡೆ ಹೂವಿಟ್ಟರು. ಮಂತ್ರ ಇಲ್ಲ. "ಇರ್ತೀಯಾ, ಹೋಗ್ತೀಯಾ, ಹೇಳಿಬಿಡು ತಾಯಿ. ಹುಡುಗರು ತಿಳೀದೆ ಮಾಡಿದ್ರು" ಎಂದು ಒಮ್ಮೆ ಕನ್ನಡದಲ್ಲಿ ಹೇಳಿದರು. ಜೊತೆಗಿದ್ದವರಲ್ಲಿ ಒಬ್ಬಾಕೆ ಅದನ್ನೇ ತಮಿಳಿನಲ್ಲಿ ಹೇಳಿದಳು. ಆಮೇಲೆ ಬಿಸಿಲಿನಲ್ಲಿ ಕೂತು ಕಾದೆವು. ಎಷ್ಟು ಹೊತ್ತು ಎಂದು ನಾನು ಗಡಿಯಾರ ನೋಡಲಿಲ್ಲ. ಬಲಗಡೆಯ ಹೂವು ಬಿತ್ತು.

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಆಯ್ತು, ಹೋಗ್ತಾಳಂತೆ" ಎಂದು ಕರ್ಪೂರ ಹಚ್ಚಿದರು. ಕಲ್ಲಿನ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು, ತಂದಿದ್ದ ಚಿಕ್ಕ ಮಡಕೆಗೆ ಹಾಕಿ, ಬಾಯಿಗೆ ಹಳದಿ ಬಟ್ಟೆ ಕಟ್ಟಿದರು. ಕುಂಭ, ದರ್ಭೆ, ಕಲಾಕರ್ಷಣೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆಲ್ಲ ಅಲ್ಲಿ ಒಣಕೆರೆಯಲ್ಲಿ ನಡೆಯಿತು. ಎದ್ದು ನಿಂತವರು ಆ ಕಲ್ಲಿನ ಮೇಲೆಯೇ ಕೈಯೂರಿ, "ಹಿಡ್ಕೊಳೋ, ಮಂಡಿ ನೋಯುತ್ತೆ" ಎಂದರು. ಐವತ್ತು ವರ್ಷ ಮುಟ್ಟುವ ಮುಂಚೆ ಸ್ನಾನ ಮಾಡುತ್ತಿದ್ದ ಕಲ್ಲು ಅದು.

ಆ ವರ್ಷ ಆಗಸ್ಟ್‌ನಿಂದ ಚೆನ್ನಾಗಿ ಮಳೆ ಹಿಡಿಯಿತು, ಕೆರೆಗೂ ನೀರು ಬಂತು, ಗುಂಡಿ ಮುಚ್ಚಿತು. 2018ರ ಹಬ್ಬಕ್ಕೆ ಮೊದಲ ತಂಬಿಟ್ಟಿನ ಆರತಿ ದೊಡ್ಡಮ್ಮನ ಮನೆಯಿಂದ ಹೊಸ ಗುಡಿಗೆ ಬಂತು. ಗುರುಕ್ಕಳ್ ಬಾಗಿ ತಟ್ಟೆ ತೆಗೆದುಕೊಂಡರು. ಕೋಳಿಯ ವಿಷಯದಲ್ಲಿ ಮಾತ್ರ ಇಂದಿಗೂ ರಾಜಿಯಾಗಿಲ್ಲ. ಅದು ರಸ್ತೆಯ ಆಚೆ, ಬೇವಿನ ಮರವಿದ್ದ ಜಾಗದಲ್ಲಿ ನಡೆಯುತ್ತದೆ. ಅಲ್ಲಿ ಈಗ ಮರವೂ ಇಲ್ಲ, ಕಲ್ಲೂ ಇಲ್ಲ, ಮೈಲಿಗಲ್ಲೊಂದು ಇದೆ. ಅದಕ್ಕೂ ಯಾರೋ ಒಂದು ಬೊಟ್ಟು ಇಟ್ಟಿದ್ದಾರೆ.

ದೊಡ್ಡಮ್ಮ ಹೋದ ವರ್ಷ ತೀರಿಕೊಂಡರು. ವರ್ಷಾಬ್ದಿಕ ಕಳೆದ ಮೇಲೆ ಅವರ ಸೊಸೆ ನನ್ನನ್ನು ಕರೆದು ದೇವರ ಗೂಡು ತೋರಿಸಿದಳು. ಹಳದಿ ಬಟ್ಟೆ ಕಟ್ಟಿದ ಮಡಕೆ ಹಾಗೆಯೇ ಇದೆ. ಮಗ ಬೆಂಗಳೂರಿನಲ್ಲಿ ಮನೆ ಮಾಡಿದ್ದಾನೆ, ಅವಳೂ ಅಲ್ಲಿಗೆ ಹೋಗಬೇಕು.

"ಭಾವ, ಇದನ್ನ ಏನು ಮಾಡೋದು? ಜೊತೇಲಿ ತಗೊಂಡೋಗೋದಾ, ಗುಡಿಗೆ ಕೊಡೋದಾ, ಕೆರೆಗೆ ಬಿಡೋದಾ?"

ನನಗೆ ಗೊತ್ತಿಲ್ಲ ಎಂದೆ. ಬರುವ ಮಂಗಳವಾರ ಹೂವು ಕೇಳುವುದೆಂದು ಆಗಿದೆ. ಆವತ್ತು ಕೆರೆಗೆ ಬಂದಿದ್ದ ತಮಿಳು ಬೀದಿಯ ಇಬ್ಬರಿಗೂ ಹೇಳಿಕಳುಹಿಸಿದ್ದಾಳೆ. ಗುರುಕ್ಕಳ್ ಕೂಡ ಬರುತ್ತೇನೆಂದಿದ್ದಾರೆ, ಸುಮ್ಮನೆ ಕೂತಿರುತ್ತೇನೆ ಎಂದರು. ನಾನೂ ಹೋಗುತ್ತೇನೆ.